ಕೋಡಂಗಿಯಿಂದ ಎರಡನೇ ವೇಷಕ್ಕೆ: ಬಡ್ತಿವೇಗ ಮೀಮಾಂಸೆ

ಮೊದಲು ಪೂರ್ವಪಕ್ಷ. ಆನ್‌ಲೈನ್ ಆಟದಲ್ಲಿ ಲೆವೆಲ್ ಏರುವ ವೇಗ ಆಡುವವನ ಬೆರಳಿನಲ್ಲಿಲ್ಲ, ಕ್ವೆಸ್ಟ್ ಕಟ್ಟಿದವನ ತಲೆಯಲ್ಲಿದೆ ಎಂಬುದು ಆ ಶಾಸ್ತ್ರ ಬಲ್ಲವರ ಮತ. 2004ರ ನವೆಂಬರಿನಲ್ಲಿ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಬಂದಾಗ ತುತ್ತತುದಿ ಎಂದರೆ 60ನೇ ಲೆವೆಲ್. ತಲೆಯ ಮೇಲೆ ಹಳದಿ ಆಶ್ಚರ್ಯಚಿಹ್ನೆ ಹೊತ್ತು ನಿಂತವನೊಬ್ಬ ‘ಇಷ್ಟು ಹಂದಿ ಹೊಡೆದು ಬಾ’ ಅನ್ನುತ್ತಾನೆ. ಬಂದರೆ ‘ಈ ಪತ್ರ ಪಕ್ಕದೂರಿಗೆ ಕೊಟ್ಟು ಬಾ’ ಅನ್ನುತ್ತಾನೆ. ಹಂದಿ ಹತ್ತಿರವಿದ್ದರೆ ಬಡ್ತಿ ಬೇಗ, ದೂರವಿದ್ದರೆ ತಡ. ನಮ್ಮಲ್ಲಿ ಹಂದಿ ತಾನಾಗಿ ತೋಟಕ್ಕೇ ಬರುತ್ತದೆ, ಆದರೂ ಯಾರ ಲೆವೆಲ್ಲೂ ಏರಿದ್ದು ಕಾಣೆ. ಇದನ್ನು ಪಂಡಿತರು ಗಮನಿಸಬೇಕು.

ಈಗ ಸಿದ್ಧಾಂತ. ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆ ಇದೇ ವಿದ್ಯೆ ಕರೆಂಟು ಬರುವುದಕ್ಕೂ ಮೊದಲೇ ಯಕ್ಷಗಾನದವರು ಬಣ್ಣ ಹಚ್ಚುವ ಚೌಕಿಯಲ್ಲಿತ್ತು. ಮೇಳಕ್ಕೆ ಸೇರಿದ ಹುಡುಗನ ಮೊದಲ ಕ್ವೆಸ್ಟ್, ಕಥೆಗೆ ಮುಂಚಿನ ಪೂರ್ವರಂಗದ ಕೋಡಂಗಿ. ಆಗ ರಂಗಸ್ಥಳದ ಎದುರು ಜನವಿರುವುದಿಲ್ಲ, ಇದ್ದವರು ಚರುಮುರಿ ಅಂಗಡಿಯ ಕಡೆ ಮುಖ ಮಾಡಿರುತ್ತಾರೆ. ತಾಳಕ್ಕೆ ಕಾಲು ಕೂಡಿತೋ, ಬಾಲಗೋಪಾಲ. ಆಮೇಲೆ ಪೀಠಿಕಾ ಸ್ತ್ರೀವೇಷ, ಅಭಿಮನ್ಯುವಿನಂಥ ಪುಂಡುವೇಷ, ಪುರುಷವೇಷ, ಕೊನೆಗೆ ದೊಡ್ಡ ಮುಂಡಾಸಿನ ಎರಡನೇ ವೇಷ. ಹಾಗಾದರೆ ಒಂದನೆಯದು? ಅದು ಬಣ್ಣವನ್ನೇ ಹಚ್ಚದ ಭಾಗವತರು. ಗೆಜ್ಜೆ ಕಟ್ಟಿದವನು ಎಷ್ಟೇ ಏರಲಿ, ಎರಡರಲ್ಲೇ ನಿಲ್ಲಬೇಕು. ಮೇಲೆ ಹೋದಷ್ಟೂ ಅಂಕಿ ಇಳಿಯುತ್ತದೆ. ಇಂಥ ಲೆವೆಲ್ ಕ್ಯಾಪ್ ಅಮೆರಿಕಾದವರಿಗೆ ಇನ್ನೂ ಹೊಳೆದಿಲ್ಲ.

ಕುಣಿತದಲ್ಲಿ ಕ್ಲಾಸ್ ಆರಿಸಿಕೊಳ್ಳುವ ಸೌಕರ್ಯವೂ ಇತ್ತು: ಹಾರಾಡಿ ತಿಟ್ಟು, ಮಟಪಾಡಿ ತಿಟ್ಟು. ಎರಡೂ ಊರು ಬ್ರಹ್ಮಾವರದ ಮಗ್ಗುಲಲ್ಲೇ ಇವೆ. ಆದರೆ ಯಾವುದು ಮೇಲು ಎಂದು ಅಲ್ಲಿ ಕೇಳಿದ ಸಂಶೋಧಕ ಬೆಳಗಿನ ಬಸ್ಸಿಗೆ ಮನೆಗೆ ಹೋಗಲಾರ.

ಇನ್ನು ವೇಗದ ಪ್ರಶ್ನೆ. ಚೌಕಿಯಲ್ಲಿ ಬಡ್ತಿಯ ಕ್ವೆಸ್ಟನ್ನು ಯಾರೂ ಕಟ್ಟುವುದಿಲ್ಲ, ಅದು ಜ್ವರದ ರೂಪದಲ್ಲಿ ಬರುತ್ತದೆ. ಅಭಿಮನ್ಯು ಮಾಡುವವನಿಗೆ ಮೈ ಕಾದ ಇರುಳು, ಪಕ್ಕದಲ್ಲಿ ಎಚ್ಚರವಿದ್ದು ದಿನಾ ಅವನ ಅರ್ಥ, ಅಂದರೆ ವೇಷದ ಮಾತು, ಕೇಳಿಸಿಕೊಂಡ ಹುಡುಗನಿಗೆ ಪುಂಡುವೇಷದ ತಲೆಕಟ್ಟು ಕೇದಗೆಮುಂದಲೆ ಸಿಗುತ್ತದೆ. ಪೆಟ್ಟಿಗೆಗೆ ಒರಗಿ ಗೊರಕೆ ಹೊಡೆದವನು ಮರುವರ್ಷವೂ ಬಾಲಗೋಪಾಲನೇ. ಆದ್ದರಿಂದ ಸೂತ್ರ: ಮೇಲಿನವನ ಜ್ವರವನ್ನು ಕೆಳಗಿನವನ ಎಚ್ಚರದಿಂದ ಗುಣಿಸಿ, ಭಾಗವತರ ಸಿಟ್ಟಿನಿಂದ ಭಾಗಿಸಿದರೆ ಬಡ್ತಿವೇಗ. ಮಂದಾರ್ತಿ ದೇವಸ್ಥಾನದಿಂದ ಐದು ಮೇಳ ಹೊರಡುತ್ತವೆ, ಅಂದರೆ ಐದು ಸರ್ವರ್. ಒಂದರಲ್ಲಿ ಜ್ವರ ಬಂತೆಂದು ಇನ್ನೊಂದರಿಂದ ಜನ ತಂದುಬಿಟ್ಟರೆ ಸೂತ್ರ ಕೆಡುತ್ತದೆ ಎಂಬ ಆಕ್ಷೇಪ ಉಂಟು. ಒಪ್ಪಿದೆ.

ಅಷ್ಟರಲ್ಲಿ ಕಾಲಮಿತಿ ಬಂತು. ಬೆಳಗಾಗುವ ತನಕದ ಆಟ ನಡುರಾತ್ರಿಯ ಆಸುಪಾಸಿಗೆ ಮುಗಿಯಬೇಕೆಂದಾಗ ಕತ್ತರಿ ಮೊದಲು ಬಿದ್ದದ್ದು ಪೂರ್ವರಂಗಕ್ಕೆ. ಕೋಡಂಗಿಯ ಹುಟ್ಟೂರೇ ಹೋಯಿತು! ವಾರ್‌ಕ್ರಾಫ್ಟಿನವರೂ 2010ರ ಡಿಸೆಂಬರಿನಲ್ಲಿ ‘ಕ್ಯಾಟಕ್ಲಿಸಂ’ ಎಂಬ ಪ್ರಳಯ ತಂದು ಹಳೆಯ ಊರುಗಳ ಕ್ವೆಸ್ಟ್‌ಗಳನ್ನು ಹೊಸದಾಗಿ ಕಟ್ಟಿ ದಾರಿ ಸಲೀಸು ಮಾಡಿದರು. 2020ರಲ್ಲಿ 120 ಲೆವೆಲ್ಲನ್ನು ಒತ್ತಿ 50 ಮಾಡಿದರು. ಬೈಂದೂರಿನ ನನ್ನ ಅಕ್ಕನ ಮಗ ಅಷ್ಟನ್ನೂ ಒಂದು ರಜೆಯಲ್ಲಿ ಹತ್ತಿ ಮುಗಿಸಿ, ‘ಇನ್ನೆಂತ ಮಾಡೂದ್, ಮಾವ?’ ಎಂದು ಕೇಳಿದ.

ಕೋಡಂಗಿ ಕುಣಿಯದೆ ನೇರ ಕರ್ಣನಾದವನ ಕಾಲು, ಚಂಡೆಗಿಂತ ಎರಡು ಪೆಟ್ಟು ಹಿಂದೆ ಬೀಳುತ್ತದೆ ಎಂಬುದು ನನ್ನ ಅಜ್ಜಿಯ ಮಂಡನೆ. ಪ್ರಬಂಧದ ಪರಿಶೀಲನೆಯೂ ಆಗಿದೆ: ಪಕ್ಕದ ಚಾಪೆಯವರು ಹೌದೆಂದರು.

ಕೊನೆಯದಾಗಿ ಕ್ಷೇತ್ರಕಾರ್ಯ. ಸೂತ್ರವನ್ನು ಸ್ವತಃ ಪರೀಕ್ಷಿಸಲು ಹಿಂದೊಮ್ಮೆ ಒಂದು ಮೇಳ ಸೇರಿ ಕೋಡಂಗಿ ಕುಣಿದೆ. ಇಡೀ ಅಭಿಮನ್ಯುವಿನ ಅರ್ಥ ಬಾಯಿಪಾಠ ಮಾಡಿದೆ, ಒಂದು ಇರುಳೂ ಕಣ್ಣು ಮುಚ್ಚಲಿಲ್ಲ. ತಿರುಗಾಟ ಮುಗಿದು ಪತ್ತನಾಜೆಗೆ ಗೆಜ್ಜೆ ಬಿಚ್ಚುವ ತನಕ ಮೇಳದಲ್ಲಿ ಒಬ್ಬನಿಗೂ ಜ್ವರ ಬರಲಿಲ್ಲ.