ಮೂಲೆಗೆ ತಳ್ಳುವ ವಿದ್ಯೆ

ಮನೆಗೆ ಬಂದವರ ಕೈಗೆ ಕಾಫಿಗಿಂತ ಮೊದಲು ಮರದ ತುಂಡು ಕೊಡುತ್ತೇನೆಂಬ ಅಪವಾದ ನಮ್ಮ ಬಳಗದಲ್ಲಿ ನನ್ನ ಮೇಲಿದೆ. ಅಪವಾದವೇನು ಬಂತು, ನಿಜವೇ. ಮುಷ್ಟಿಗಾತ್ರದ ಚೌಕ. ಕೆಳಗಿನರ್ಧ ಬೀಟೆ, ಮೇಲಿನರ್ಧ ಹಲಸು. ಕಪ್ಪೂ ಹಳದಿಯೂ ಸೇರುವಲ್ಲಿ ನಾಲ್ಕು ಮುಖಗಳಲ್ಲೂ ಒಂದೊಂದು ಡವ್‌ಟೇಲ್, ಅಂದರೆ ಬುಡದಲ್ಲಿ ಸಪೂರ, ತುದಿಯಲ್ಲಿ ಅಗಲವಾದ ಪಾರಿವಾಳದ ಬಾಲ. ಹಳೆಯ ಮೇಜಿನ ಡ್ರಾಯರ್ ಎಳೆದು ಮೂಲೆ ನೋಡಿದರೆ ಇಂಥದ್ದು ಕಂಡೀತು. ತುದಿ ಅಗಲವಾದ್ದರಿಂದ ಮೇಲಕ್ಕೆಳೆದರೆ ಬಾರದು. ಪಕ್ಕಕ್ಕೆ ಜಾರಿಸೋಣವೆಂದರೆ ಆ ಪಕ್ಕದಲ್ಲೂ ಒಂದು ಬಾಲ ಕಚ್ಚಿಕೊಂಡು ಕೂತಿದೆ. ಹಾಗಾದರೆ ಒಳಗೆ ಹೋದದ್ದು ಹೇಗೆ?

ಬಂದವರು ಮೊದಲು ಎಳೆಯುತ್ತಾರೆ, ಆಮೇಲೆ ತಿರುಚುತ್ತಾರೆ, ಕೊನೆಗೆ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಒಳಗೆ ಅಯಸ್ಕಾಂತವಿದೆಯೆಂದು ಒಬ್ಬರು ಮನೆಯ ಬೀಗದ ಕೈ ಅಂಟಿಸಿ ನೋಡಿದರು. ತೋಟದ ಕೆಲಸದಲ್ಲೇ ತಲೆ ನರೆತ ನಮ್ಮ ಚಿಕ್ಕಪ್ಪ ಮಾತ್ರ ಗಂಭೀರವಾಗಿ, “ಬೀಟೆಗೂ ಹಲಸಿಗೂ ಕಸಿ ಕಟ್ಟಿದ್ದಾ?” ಎಂದು ಕೇಳಿದರು. ಇದುವರೆಗೆ ಬಂದ ಉತ್ತರಗಳಲ್ಲಿ ಅದೇ ಅತ್ಯುತ್ತಮ ಎಂದು ನನ್ನ ಅಭಿಪ್ರಾಯ.

ಗುಟ್ಟು ಹೇಳಿಬಿಡುತ್ತೇನೆ. ನಮ್ಮ ಮನೆಗೆ ಬಂದಾಗ ಗೊತ್ತಿಲ್ಲದವರ ಹಾಗೆ ನಟಿಸಿದರೆ ಸಾಕು. ಎದುರಿನ ಮುಖದಲ್ಲೊಂದು ಬಾಲ, ಹಿಂದಿನ ಮುಖದಲ್ಲೊಂದು ಬಾಲ ಕಂಡ ಕೂಡಲೇ ಒಂದೇ ಬಾಲ ಆಚೆಯಿಂದ ಈಚೆಗೆ ನೇರ ಹಾದುಬಂದಿದೆ ಎಂದು ನಾವೇ ತೀರ್ಮಾನಿಸುತ್ತೇವೆ. ಮಿಕ್ಕೆರಡಕ್ಕೂ ಅದೇ ನ್ಯಾಯ. ಒಳಗೆ ಎರಡೂ ಅಡ್ಡಡ್ಡ ಹಾದಿವೆ ಎಂದಮೇಲೆ ಬಿಚ್ಚುವುದು ಅಸಾಧ್ಯವೇ ಸರಿ. ಆದರೆ ಮರ ಹಾಗೆಂದು ಎಲ್ಲೂ ಹೇಳಿಲ್ಲ. ಒಳಗಿರುವುದು ಓರೆಯಾಗಿ ಕೊರೆದ ಎರಡು ಸಮಾನಾಂತರ ಗಾಡಿಗಳು, ಅಂದರೆ ಉದ್ದನೆಯ ತೋಡುಗಳು. ಒಂದೊಂದೂ ಒಂದು ಮುಖದಿಂದ ಹೊರಟು ಅದಕ್ಕೆ ಅಂಟಿದ ಪಕ್ಕದ ಮುಖದಲ್ಲಿ ಮುಗಿಯುತ್ತದೆ. ಎಳೆಯಲೂ ಬೇಡ, ತಿರುಚಲೂ ಬೇಡ. ಮೂಲೆಯಿಂದ ಮೂಲೆಗೆ ತಳ್ಳಿದರೆ ಬೆಣ್ಣೆಗಿಂತ ಸಲೀಸಾಗಿ ಜಾರುತ್ತದೆ.

ಗುಟ್ಟು ತಿಳಿದವರಿಗೆಲ್ಲ ಇದನ್ನು ಮಾಡಲು ಬರುವುದಿಲ್ಲ, ಅದೇ ತಾಪತ್ರಯ. ಒಗಟು ಉಳಿಯುವುದು ಕೆಲಸದ ನಯದಲ್ಲಿ. ಸಂದಿನಲ್ಲಿ ಒಂದು ಕಾಗದ ತೂರಿದರೂ ಸಾಕು, ಯಾವ ದಿಕ್ಕಿಗೆ ಸಡಿಲವೆಂದು ಬೆರಳಿಗೆ ತಿಳಿದುಬಿಡುತ್ತದೆ, ತುಂಡು ಅಜ್ಜನ ಹಲ್ಲಿನ ಸೆಟ್ಟಿನ ಹಾಗೆ ಕಟಕಟ ಅನ್ನುತ್ತದೆ. ಬಿಗಿಯಾದರೆ ಜೋಡಿಸುವಾಗಲೇ ಸೀಳು. ಓರೆಯಾಗಿ ಕೊರೆಯುವುದರಿಂದ ಗಾಡಿ ಮುಖಕ್ಕೆ ಬಂದು ತೆರೆದುಕೊಳ್ಳುವಲ್ಲಿ ಅಂಚು ಬಲು ತೆಳು. ಉಳಿ ತುಸು ಜೋರಾದರೆ ಸಿಬಿರು ಎದ್ದು ಹೋಗುತ್ತದೆ. ಅದಕ್ಕೇ ಪೆನ್ಸಿಲ್ ಗೆರೆ ಬಿಟ್ಟು ಚಾಕುವಿನ ಗೆರೆ ಹಾಕುವುದು, ಉಳಿಗೆ ಕೊಡತಿ ತೋರಿಸದೆ ಅಂಗೈಯಲ್ಲೇ ಒತ್ತುವುದು.

ಇಷ್ಟನ್ನೂ ಕಲಿಸಿಕೊಟ್ಟ ನಮ್ಮ ಆಚಾರ್ರಿಗೆ ಈ ವಿದ್ಯೆಯ ಬಗ್ಗೆ ಕಾಸಿನ ಗೌರವವಿಲ್ಲ. “ಬಿಚ್ಚೋದಕ್ಕೆ ಅಂತ್ಲೇ ಯಾಕೆ ಜೋಡಿಸ್ತೀರಿ ಸಾರ್? ಬಾಗಿಲಿಗೆ ಹೀಗೆ ಮಾಡಿಟ್ರೆ ಯಜಮಾನ್ರು ಕೂಲಿ ಕೊಡ್ತಾರಾ?”

ನಾನು ಒಸಾಕಾ ಕೋಟೆಯನ್ನು ಸಾಕ್ಷಿಗೆ ಕರೆದೆ. ಜಪಾನಿನ ಆ ಕೋಟೆಯ ಓತೆಮೋನ್ ಎಂಬ ಹೆಬ್ಬಾಗಿಲಿನ ಆಧಾರಕಂಬವೊಂದರ ಬುಡ ಕೊಳೆತಾಗ ಅಲ್ಲಿನ ಬಡಗಿಗಳು ಹೊಸ ಬುಡ ಕೂರಿಸಿದರು. ಎದುರುಬದುರಿನ ಎರಡು ಮುಖಗಳಲ್ಲಿ ಪಾರಿವಾಳದ ಬಾಲ, ಉಳಿದೆರಡರಲ್ಲಿ ಏರಿ ಇಳಿಯುವ ಚೂಪು ಗೆರೆ. ಹೇಗೆ ಕೂರಿಸಿದರೆಂದು ಬಹುಕಾಲ ಯಾರಿಗೂ ತಿಳಿಯದೆ, 1983ರಲ್ಲಿ ಕಂಬಕ್ಕೆ ಎಕ್ಸ್-ರೇ ತೆಗೆದರು. ಅಲ್ಲೂ ಅದೇ ಕಥೆ, ಓರೆಯಾಗಿ ಜಾರಿಸಿದ್ದು. ಆಚಾರ್ರು ಫೋಟೋವನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿ, “ನಾಕು ಹಳೇ ಬಡಗಿಗಳನ್ನ ಕೇಳಿದ್ರೆ ಆಗ್ತಿತ್ತು” ಎಂದರು.

ಸಾಫ್ಟ್‌ವೇರಿನಲ್ಲಿರುವ ಅಕ್ಕನ ಮಗನಿಗೆ ಕಂಪ್ಯೂಟರಿಗೆ ಕೊಟ್ಟರೆ ಕ್ಷಣದಲ್ಲಿ ಬಿಡಿಸೀತೆಂಬ ನಂಬಿಕೆ. ಆರು ಕಡ್ಡಿಗಳನ್ನು ಒಂದರೊಳಗೊಂದು ಹೆಣೆಯುವ ಒಗಟಿಗೆ ಆ ಮಾತು ಸಲ್ಲುತ್ತದೆ. ಅಮೆರಿಕದ ಬಿಲ್ ಕಟ್ಲರ್ ಕಂಪ್ಯೂಟರಿನಿಂದ ಲೆಕ್ಕ ಹಾಕಿಸಿದಾಗ 3,500 ಕೋಟಿಗೂ ಹೆಚ್ಚು ಜೋಡಣೆಗಳು ಸಿಕ್ಕವು. ನನ್ನ ತುಂಡಿಗೆ ಇರುವುದು ಒಂದೇ ದಾರಿ. ಆ ಕಡೆ ಯಾರೂ ತಿರುಗಿ ನೋಡುವುದಿಲ್ಲ, ಅಷ್ಟೆ.

ಜಾರಿಸದೆ ಮಾಡುವ ಮೋಸವೂ ಒಂದಿದೆ. ಗಾಜಿನ ಬಾಟಲಿಯ ಎರಡು ಪಕ್ಕಗಳಲ್ಲಿ ತೂತು ಕೊರೆದು ಮರದ ಬಾಣ ತೂರಿಸಿರುತ್ತಾರೆ; ಬಾಣದ ತಲೆ ತೂತಿಗಿಂತ ದೊಡ್ಡದು, ಎಲ್ಲೂ ಅಂಟಿಸಿದ ಗುರುತಿಲ್ಲ. ಮೆದುಮರದ ಆ ತಲೆಯನ್ನು ಕುದಿಸಿ, ವೈಸ್‌ನಲ್ಲಿ ಹಿಂಡಿ, ಒಣಗಿಸಿ ಸಣ್ಣದು ಮಾಡಿ ತೂರಿಸುವುದು; ಮತ್ತೆ ನೀರು ಕುಡಿಸಿದರೆ ಊದಿಕೊಂಡು ಮೊದಲಿನ ಗಾತ್ರಕ್ಕೆ ಬರುತ್ತದೆ.

ನೀರು ಕುಡಿಸುವ ಕೆಲಸವನ್ನು ನಮ್ಮ ಮಲೆನಾಡಿನಲ್ಲಿ ಮಳೆಯೇ ವಹಿಸಿಕೊಳ್ಳುತ್ತದೆ. ಮರ ಉದ್ದಕ್ಕೆ ಬೆಳೆಯುವುದು ಕಡಿಮೆ, ಅಡ್ಡಕ್ಕೆ ಉಬ್ಬುವುದೇ ಹೆಚ್ಚು. ಬೀಟೆಯ ಲೆಕ್ಕ ಬೇರೆ, ಹಲಸಿನ ಲೆಕ್ಕ ಬೇರೆ. ಆರಿದ್ರಾ ಮಳೆ ಹಿಡಿಯಿತೆಂದರೆ ನನ್ನ ತುಂಡು ಬರೀ ಅಸಾಧ್ಯದ ಹಾಗೆ ಕಾಣುವುದಿಲ್ಲ, ನಿಜಕ್ಕೂ ಅಸಾಧ್ಯವಾಗುತ್ತದೆ. ಗುಟ್ಟು ಬಲ್ಲ ನಾನು ಮೂಲೆಗೆ ತಳ್ಳಿದರೂ ಜಪ್ಪಯ್ಯ ಅನ್ನುವುದಿಲ್ಲ. ಕಳೆದ ಆಷಾಢದಲ್ಲಿ ಬಂದ ಬೀಗರು ಹೆಣಗಾಡಿ ಬೆವತು, “ಸೋತೆ ಬೀಗರೆ, ಇನ್ನು ನೀವೇ ಬಿಚ್ಚಿ ತೋರಿಸಿ” ಎಂದರು. ತುಂಡನ್ನು ಗೌರವದಿಂದ ಹಿಂದಕ್ಕೆ ತಗೊಂಡು, ಇಂಥ ವಿದ್ಯೆಗಳನ್ನು ಮಳೆಗಾಲದಲ್ಲಿ ತೋರಿಸುವ ಪದ್ಧತಿಯಿಲ್ಲ, ಶಿವರಾತ್ರಿಗೆ ಬನ್ನಿ ಎಂದೆ. ಒಳಗಿನಿಂದ ನನ್ನಾಕೆ ನಕ್ಕದ್ದು ಅವರಿಗೂ ಕೇಳಿಸಿತು.