ವಿಚಾರಣೆ ಮಾವನ ಮೌನಯಾತ್ರೆ

ಕೊಳ್ಳುವುದಕ್ಕಿಂತ ವಿಚಾರಿಸುವುದರಲ್ಲಿಯೇ ಅಧಿಕವಾದ ಆನಂದವನ್ನು ಕಾಣತಕ್ಕ ಮಹನೀಯನೊಬ್ಬನು ಮಲೆನಾಡಿನ ಪ್ರತಿಯೊಂದು ಸೀಮೆಯಲ್ಲಿಯೂ ಇದ್ದೇ ಇರುತ್ತಾನೆ. ಅಡಿಕೆ ಸುಲಿಯುವ ಮೆಟ್ಟುಗತ್ತಿಯೊಂದು ಬೇಕಾದರೂ ಆತನು ಸಾಗರದಲ್ಲಿ ಬೆಲೆ ಕೇಳಿ, ತೀರ್ಥಹಳ್ಳಿಯಲ್ಲಿ ಅದರ ಹದವನ್ನು ಪರೀಕ್ಷಿಸಿ, ಹೊಸನಗರದಲ್ಲಿ ಚೌಕಾಸಿ ಮಾಡಿ, ಕಡೆಗೆ ನೆರೆಮನೆಯ ಕತ್ತಿಯನ್ನೇ ಎರವಲು ತಂದು ಆ ವರ್ಷದ ಸುಗ್ಗಿಯನ್ನು ಮುಗಿಸುತ್ತಾನೆ. ನಮ್ಮ ಕಡೆಯ ಆ ಮಹನೀಯರು ನನಗೆ ಸೋದರಮಾವನಾಗಬೇಕು. ಅವರ ನಿಜನಾಮಧೇಯವು ಪಹಣಿಯಲ್ಲಿ ಮಾತ್ರ ಉಳಿದುಕೊಂಡಿದೆ. ಊರ ಬಾಯಲ್ಲಿ ಅವರು ‘ವಿಚಾರಣೆ ಮಾವ’ನೆಂದೇ ಪ್ರಸಿದ್ಧರು.

ಹೊಸನಗರದ ಆಚೆ, ಎತ್ತರವಾದ ದರೆಗಳ ನಡುವೆ ಇಳಿಯುವ ಮಣ್ಣುರಸ್ತೆಯ ತುದಿಯಲ್ಲಿ ಅವರ ಮನೆ, ತೋಟ ಮತ್ತು ಪಿಕಪ್ಪು ಇವೆ. ಆರು ಮಳೆಗಾಲಗಳನ್ನು ಮೌನದಿಂದ ಸಹಿಸಿದ್ದ ಆ ಪಿಕಪ್ಪಿನ ಸೈಲೆನ್ಸರು ಏಳನೆಯದರಲ್ಲಿ ತೂತುಬಿದ್ದು ತನ್ನ ಧ್ವನಿಯನ್ನು ಎತ್ತಿತು. ಮಾವನಿಗೆ ಅದರಿಂದ ವಿಶೇಷವಾದ ಬಾಧೆಯೇನೂ ತೋರಲಿಲ್ಲ; ಆದರೆ ಶ್ರಾವಣದ ಒಂದು ರಾತ್ರಿ, ಊರ ದೇವಸ್ಥಾನದ ಚಂದ್ರಶಾಲೆಯಲ್ಲಿ ‘ಕೃಷ್ಣಸಂಧಾನ’ದ ತಾಳಮದ್ದಲೆ ನಡೆಯುತ್ತಿದ್ದಾಗ, ಶ್ರೀಕೃಷ್ಣನು ಐದು ಗ್ರಾಮಗಳನ್ನಾದರೂ ಕೊಡೆಂದು ಮೆಲುದನಿಯಲ್ಲಿ ಯಾಚಿಸುತ್ತಿದ್ದ ಘಳಿಗೆಯಲ್ಲಿಯೇ, ಮಾವನ ವಾಹನವು ದರೆಯ ತಿರುವನ್ನು ಇಳಿಯಿತು. ಕೌರವನ ಅರ್ಥಧಾರಿಯು ಮಾತನ್ನು ನಿಲ್ಲಿಸಿ, ಕಿವಿಗೊಟ್ಟು ಆಲಿಸಿ, “ಸಂಧಾನದ ಮಾತಿನ್ನೂ ಮುಗಿದಿಲ್ಲ ವಾಸುದೇವಾ, ಅಷ್ಟರಲ್ಲಿಯೇ ನಿನ್ನ ಭೀಮಸೇನನು ಗದೆಯನ್ನು ನೆಲದ ಮೇಲೆ ಎಳೆದುಕೊಂಡು ಬರುತ್ತಿರುವನಲ್ಲ!” ಎಂದನು. “ಗದೆಯಲ್ಲ ಸುಯೋಧನಾ, ಅದು ಅವನ ಹಸಿವಿನ ಸದ್ದು” ಎಂದು ಶ್ರೀಕೃಷ್ಣನು ಸಮಾಧಾನ ಹೇಳಿದನು. ಸಭೆಯು ನಕ್ಕಿತು, ಯಾರೋ ಎದ್ದು ಮುಂದಿನ ಸಾಲಿನಲ್ಲಿ ಚಾಪೆಯನ್ನು ಸರಿಸಿ ಮಾವನನ್ನು ಕೂರಿಸಿದರು. ಕುಳಿತ ಮಾವನು ಪ್ರಸಂಗವನ್ನು ಕೇಳಲಿಲ್ಲ. ತುಕ್ಕೂ ಹಿಡಿಯದ, ಸದ್ದೂ ಮಾಡದ ಸ್ಟೇನ್‌ಲೆಸ್ ಸ್ಟೀಲಿನ ಸೈಲೆನ್ಸರನ್ನೇ ಹಾಕಿಸತಕ್ಕದ್ದೆಂದು ಅಲ್ಲಿಯೇ ಸಂಕಲ್ಪ ಮಾಡಿದನು.

ಸದ್ದಡಗಿಸುವ ವಿದ್ಯೆಗೂ ಒಂದು ವಂಶಾವಳಿಯುಂಟು. ಹಿರಮ್ ಮ್ಯಾಕ್ಸಿಮ್ ಎಂಬಾತನು 1884ರಲ್ಲಿ ಯಂತ್ರಬಂದೂಕವನ್ನು ನಿರ್ಮಿಸಿ, ಅದರ ಆರ್ಭಟದಿಂದ ತನ್ನ ಕಿವಿಯನ್ನೇ ಕಳೆದುಕೊಂಡನು. ಅವನ ಮಗ ಹಿರಮ್ ಪರ್ಸಿ ಮ್ಯಾಕ್ಸಿಮನು 1909ರಲ್ಲಿ ಬಂದೂಕದ ಸದ್ದನ್ನು ಅಡಗಿಸುವ ಸಾಧನಕ್ಕೆ ಪೇಟೆಂಟು ಪಡೆದು, ಮುಂದೆ ಅದೇ ತತ್ತ್ವವನ್ನು ಎಂಜಿನುಗಳ ಹೊಗೆಕೊಳವೆಗೂ ಅನ್ವಯಿಸಿದನು. ತಂದೆಯ ಗದ್ದಲವನ್ನು ಮಗನು ತೀರಿಸಬೇಕೆಂಬ ಈ ನಿಯಮವು ನಮ್ಮ ಮಾವನಿಗೂ ಸಲ್ಲುತ್ತದೆ. ಏಕೆಂದರೆ ನಮ್ಮ ಅಜ್ಜಯ್ಯನವರು ಅಂಗಳದಲ್ಲಿ ನಿಂತು ಆಳನ್ನು ಕೂಗಿದರೆ ತೋಟದ ತುದಿಯ ಮಂಗಗಳು ಪಕ್ಕದ ಕಾನಿಗೆ ಓಡುತ್ತಿದ್ದುವೆಂದು ಪ್ರತೀತಿ. ಸರ್ಕಾರವೂ ಈ ವಿಷಯದಲ್ಲಿ ಉದಾಸೀನವಾಗಿಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 120ನೆಯ ನಿಯಮವು, ಪ್ರತಿಯೊಂದು ವಾಹನಕ್ಕೂ ಸದ್ದನ್ನು ಸಾಧ್ಯವಾದಷ್ಟು ತಗ್ಗಿಸುವ ಸೈಲೆನ್ಸರು ಇರತಕ್ಕದ್ದೆಂದು ವಿಧಿಸಿದೆ. ಮಾವನು ಈ ನಿಯಮವನ್ನು ಕಂಠಸ್ಥ ಮಾಡಿಕೊಂಡು, ವಾಹನದ ಸದ್ದನ್ನು ಮೀರಿಸುವ ಧ್ವನಿಯಲ್ಲಿ ದಾರಿಯುದ್ದಕ್ಕೂ ನನಗೆ ಬೋಧಿಸಿದನು.

ಮೊದಲ ಯಾತ್ರೆಯು ಬಟ್ಟೆಮಲ್ಲಪ್ಪದ ಮಾರ್ಗವಾಗಿ ಸಾಗರಕ್ಕೆ. ಕೆಟ್ಟುಹೋದ ರೇಡಿಯೋದಿಂದ ಕಿತ್ತ ಅಯಸ್ಕಾಂತವೊಂದು ಮಾವನ ಕವಳದ ಚೀಲದಲ್ಲಿ ಅಡಿಕೆ, ಸುಣ್ಣಗಳ ಜೊತೆಗೆ ಪ್ರಯಾಣ ಮಾಡಿತು. ಬಿ.ಎಚ್. ರಸ್ತೆಯ ಅಂಗಡಿಯಲ್ಲಿ ತೋರಿಸಿದ ಸೈಲೆನ್ಸರಿಗೆ ಅದನ್ನು ಮುಟ್ಟಿಸಲು, ‘ಟಕ್’ ಎಂದು ಅಂಟಿಕೊಂಡಿತು. “ಇದು ಕಬ್ಬಿಣ!” ಎಂದು ಮಾವನು ಅಂಗಡಿಯಾತನ ಸಮಸ್ತ ವಂಶದ ಪ್ರಾಮಾಣಿಕತೆಯನ್ನೇ ಸಂಶಯಿಸುವ ದೃಷ್ಟಿಯಿಂದ ನೋಡಿ ಹೊರಬಂದು, ಪಾತ್ರೆಯಂಗಡಿಗೆ ಹೋಗಿ, ಅಯಸ್ಕಾಂತವನ್ನು ಲೆಕ್ಕಿಸದ ಹಂಡೆಯೊಂದನ್ನು ಆರಿಸಿ, ಇದರಿಂದಲೇ ಸೈಲೆನ್ಸರನ್ನು ಮಾಡಿಕೊಡಲಾದೀತೇ ಎಂದು ವೆಲ್ಡಿಂಗಿನವನನ್ನು ಕೇಳಿದನು. ಆತನು ಕನ್ನಡಕವನ್ನು ಹಣೆಗೇರಿಸಿ ಹೇಳಿದನು: “ಅಂಟಿದ್ದೂ ಸ್ಟೇನ್‌ಲೆಸ್ಸೇ ಮಾರಾಯ್ರೇ. ಗಾಡಿಗೆ ಹಾಕೋದು 409 ಅಂತ ಬೇರೆ ಜಾತಿ. ಅದಕ್ಕೆ ಅಯಸ್ಕಾಂತ ಹಿಡಿಯುತ್ತೆ. ಮೇಲೆ ಸ್ವಲ್ಪ ಕಂದು ತಿರುಗಿದರೂ ಬೇಗ ತೂತಾಗೋದಿಲ್ಲ.” ಮಾತು ಯಥಾರ್ಥವಾಗಿತ್ತು. 409ರಲ್ಲಿ ಶೇಕಡ 11ರಷ್ಟು ಕ್ರೋಮಿಯಂ ಇರುತ್ತದೆ. ಅಡಿಗೆಮನೆಯ ಉತ್ತಮ ಪಾತ್ರೆಗೆ ಬಳಸುವ 304ರಲ್ಲಿ ಕ್ರೋಮಿಯಂ 18, ನಿಕಲ್ 8. ಈ ನಿಕಲಿನ ದೆಸೆಯಿಂದಲೇ ಎರಡನೆಯದು ಅಯಸ್ಕಾಂತಕ್ಕೆ ಮೋಹಗೊಳ್ಳುವುದಿಲ್ಲ, ಬೆಲೆಯಲ್ಲಿಯೂ ಇಳಿಯುವುದಿಲ್ಲ. ಹೀಗೆ ಅಯಸ್ಕಾಂತದ ಪ್ರಾಮಾಣ್ಯವು ಕುಸಿದುಬಿದ್ದರೂ ಮಾವನು ಧೃತಿಗೆಡದೆ ಬೆಸುಗೆಯನ್ನು ಪರೀಕ್ಷಿಸಲುದ್ಯುಕ್ತನಾದನು. ಶ್ರೀಗಂಧದಲ್ಲಿ ಆನೆಯ ಸೊಂಡಿಲಿನ ಸುಕ್ಕನ್ನು ಕೂಡ ಬಿಡದೆ ಕೆತ್ತುವ ಗುಡಿಗಾರರ ಊರಿನಲ್ಲಿ ಒಂದು ಕೊಳವೆಯ ಬೆಸುಗೆಯು ನೇರವಾಗಿರಬಾರದೇ ಎಂಬುದು ಅವನ ಆಕ್ಷೇಪವಾಗಿತ್ತು.

ಎರಡನೆಯ ಯಾತ್ರೆಯು ತೀರ್ಥಹಳ್ಳಿಗೆ. ಮಾತೃಹತ್ಯೆಯ ಬಳಿಕ ಎಲ್ಲಿ ತೊಳೆದರೂ ಹೋಗದಿದ್ದ ಪರಶುರಾಮನ ಕೊಡಲಿಯ ಕಲೆಯು ಇಲ್ಲಿಯ ತುಂಗೆಯಲ್ಲಿ ಕಳೆದುಹೋಯಿತೆಂದು ಸ್ಥಳಪುರಾಣವು ಹೇಳುತ್ತದೆ. ಹಾಗಿರುವಲ್ಲಿ ಷೆಫೀಲ್ಡಿನ ಹ್ಯಾರಿ ಬ್ರಿಯರ್ಲಿಯು 1913ರಲ್ಲಿ ಕಲೆಗಟ್ಟದ ಉಕ್ಕನ್ನು ಕಂಡುಹಿಡಿದನೆಂಬುದು ಮಾವನ ಮತದಲ್ಲಿ ಕೇವಲ ಪುನರುಕ್ತಿ. ಇಲ್ಲಿಯ ವಿಚಾರಣೆಯು ಸೈಲೆನ್ಸರಿನ ಬಹಿರಂಗವನ್ನು ಬಿಟ್ಟು ಅಂತರಂಗಕ್ಕೆ ಇಳಿಯಿತು. ಅಂತರಂಗವು ಎರಡು ಬಗೆ. ಒಂದರಲ್ಲಿ ತೂತುಗಳುಳ್ಳ ಕೊಳವೆಯ ಸುತ್ತಲೂ ಗಾಜಿನ ಉಣ್ಣೆಯನ್ನು ತುಂಬಿರುತ್ತಾರೆ. ಸದ್ದು ಆ ಉಣ್ಣೆಯಲ್ಲಿ ಸಿಕ್ಕಿ ಶಾಖವಾಗಿ ಲಯ ಹೊಂದುತ್ತದೆ, ಆದರೆ ಕಾಲಾನುಕ್ರಮದಲ್ಲಿ ಉಣ್ಣೆ ಉದುರಿಹೋಗಿ ಸದ್ದು ಮರಳುತ್ತದೆ. ಇನ್ನೊಂದರಲ್ಲಿ ಅಡ್ಡಗೋಡೆಗಳಿಂದ ವಿಭಾಗಿಸಿದ ಕೋಣೆಗಳಿದ್ದು, ಗೋಡೆಗೆ ಬಡಿದು ಮರಳುವ ಸದ್ದು ಎದುರು ಬರುವ ಸದ್ದನ್ನು ಸಂಧಿಸಿ, ಶ್ರಾದ್ಧದ ಪಂಕ್ತಿಯಲ್ಲಿ ಇಬ್ಬರು ವೈದಿಕರು ಏಕಕಾಲದಲ್ಲಿ ತಿಥಿನಿರ್ಣಯವನ್ನು ವಾದಿಸಿದರೆ ಯಾರ ಮಾತೂ ಕೇಳಿಸದಂತೆ, ಪರಸ್ಪರ ನಾಶಗೊಳ್ಳುತ್ತದೆ. ಮೌನವೇ ಮುಖ್ಯವಾದರೆ ಕೋಣೆಗಳುಳ್ಳದ್ದನ್ನೂ, ಅದರಲ್ಲಿಯೂ ಹೊಟ್ಟೆ ದೊಡ್ಡದಾದುದನ್ನೂ ಆರಿಸಬೇಕು. ಹೊಟ್ಟೆ ದೊಡ್ಡದಾದರೆ ಮೌನವು ಹೆಚ್ಚೆಂಬ ಈ ಸೂತ್ರವು ಭೋಜನಾನಂತರದ ಮನುಷ್ಯರಿಗೂ ಅನ್ವಯಿಸುವುದನ್ನು ಮಾವನು ಸಂತೋಷದಿಂದ ಒಪ್ಪಿದನು. ಆದರೆ ಅಷ್ಟು ದೊಡ್ಡ ಹೊಟ್ಟೆಯು ನಮ್ಮ ಮಣ್ಣುರಸ್ತೆಯ ನಡುದಿಣ್ಣೆಗೆ ಉಜ್ಜದೆ ಇರುವುದೇ ಎಂಬ ಸಂದೇಹವು ಕೂಡಲೇ ಹುಟ್ಟಿ, ಅಳತೆ ತರಲು ಮನೆಗೆ ಹಿಂದಿರುಗಬೇಕಾಯಿತು.

ಮೂರನೆಯ ವಿಚಾರಣೆಯು, ನ್ಯಾಯವಾಗಿ ಮೊದಲನೆಯದಾಗಬೇಕಾಗಿದ್ದುದು, ಹೊಸನಗರದ ವೃದ್ಧ ಮೆಕ್ಯಾನಿಕ್ಕನಲ್ಲಿ ನಡೆಯಿತು. ಆತನು ಅಯಸ್ಕಾಂತವನ್ನಾಗಲಿ, ಅಳತೆಯ ಚೀಟಿಯನ್ನಾಗಲಿ ನೋಡದೆ, “ಗಾಡಿ ದಿನಕ್ಕೆ ಎಷ್ಟು ದೂರ ಓಡುತ್ತೆ?” ಎಂದು ಒಂದೇ ಪ್ರಶ್ನೆಯನ್ನು ಕೇಳಿದನು. ತೋಟದಿಂದ ಅಂಗಳಕ್ಕೆ, ಅಂಗಳದಿಂದ ಹಾಲಿನ ಡೈರಿಗೆ ಎಂದು ಮಾವನು ಹೇಳಲು, ರೋಗವು ಅಲ್ಲಿಯೇ ಇದೆಯೆಂದನು. ಒಂದು ಲೀಟರು ಡೀಸೆಲು ಉರಿದರೆ ಹೆಚ್ಚುಕಡಿಮೆ ಒಂದು ಲೀಟರು ನೀರೇ ಹುಟ್ಟುತ್ತದೆ. ದೂರ ಓಡಿ ಕಾದ ಕೊಳವೆಯಿಂದ ಅದು ಆವಿಯಾಗಿ ಹೊರಬೀಳುತ್ತದೆ, ಕಾಯುವ ಮೊದಲೇ ನಿಂತ ವಾಹನದಲ್ಲಾದರೋ ಸೈಲೆನ್ಸರಿನ ಹೊಟ್ಟೆಯಲ್ಲಿಯೇ ತಂಗಿ, ಹೊಗೆಯ ಆಮ್ಲಾಂಶವನ್ನು ಹೀರಿಕೊಂಡು, ಒಳಗಿನಿಂದಲೇ ಲೋಹವನ್ನು ತಿನ್ನುತ್ತದೆ. ಆಗುಂಬೆ, ಹುಲಿಕಲ್ಲುಗಳ ಮಳೆಯನ್ನು ಇಷ್ಟು ದಿನ ಶಪಿಸುತ್ತಿದ್ದ ಮಾವನಿಗೆ, ಮಳೆಯು ಒಳಗೂ ಸುರಿಯುತ್ತದೆಂಬ ಸಂಗತಿಯು ವೇದಾಂತವಾಕ್ಯದಂತೆ ಕೇಳಿಸಿತು. “ಇದರ ತಳದಲ್ಲಿ ನೀರು ಇಳಿಯೋಕೆ ಸಣ್ಣ ತೂತು ಇದೆ, ಅದನ್ನ ಮುಚ್ಚಬೇಡಿ. ವಾರಕ್ಕೊಮ್ಮೆ ದೂರ ಓಡಿಸಿ. ಈ ತಿಂಗಳಲ್ಲಿ ನೀವು ವಿಚಾರಿಸೋಕೆ ತಿರುಗಿದಿರಲ್ಲ, ಮೊದಲಿಂದ ಹಾಗೆ ತಿರುಗಿದ್ದರೆ ಹಳೆಯದೇ ಉಳೀತಿತ್ತು” ಎಂದು ಆ ಪುಣ್ಯಾತ್ಮನು 409ರ, ಕೋಣೆಗಳುಳ್ಳ, ಹದವಾದ ಹೊಟ್ಟೆಯ ಸೈಲೆನ್ಸರೊಂದನ್ನು ಮಧ್ಯಾಹ್ನದೊಳಗೆ ಜೋಡಿಸಿ, ಹೊಸ ರಬ್ಬರುಗಳಿಂದ ತೂಗುಹಾಕಿಕೊಟ್ಟನು. ವಿಚಾರಣೆಗಾಗಿ ಉರಿದ ಡೀಸೆಲಿನ ಲೆಕ್ಕವನ್ನು ನಾನು ದಾರಿಯಲ್ಲಿ ತೆಗೆಯಲು, ಜ್ಞಾನಕ್ಕೆ ಬೆಲೆ ಕಟ್ಟಬಾರದೆಂದು ಮಾವನು ಗದರಿಸಿದನು. ಎಂಜಿನಿನ ಸದ್ದು ತಗ್ಗಿದ್ದುದರಿಂದ ಆ ಗದರಿಕೆಯು ದಾರಿಹೋಕರಿಗೂ ಸ್ಪಷ್ಟವಾಗಿ ಕೇಳಿಸಿತು.

ಮೌನವು ಸಿದ್ಧಿಸಿದುದೇನೋ ನಿಜ. ಆದರೆ ಅದರ ಸಂಗಡ ಕೆಲವು ಅನಿರೀಕ್ಷಿತ ಫಲಗಳೂ ಬಂದುವು. ಅದುವರೆಗೆ ಗರ್ಜನೆಯಲ್ಲಿ ಮುಚ್ಚಿಹೋಗಿದ್ದ ಬಾಗಿಲಿನ ಕಟಕಟವೂ, ಹಿಂಬಾಗಿಲ ಸರಪಣಿಯ ಝಣಝಣವೂ, ಸ್ಪ್ರಿಂಗುಪಟ್ಟಿಯ ಕಿರುಗುಟ್ಟುವಿಕೆಯೂ ಒಂದೊಂದಾಗಿ ಪ್ರಕಟಗೊಂಡುವು. ದರೆಯ ತಿರುವಿನಲ್ಲಿ ಸದ್ದು ಕೇಳಿದೊಡನೆಯೇ ಅತ್ತೆಯು ಒಲೆಯ ಮೇಲಿಡುತ್ತಿದ್ದ ಕಷಾಯವು ಈಗ ಮಾವನು ಕೈಕಾಲು ತೊಳೆದು ಬಂದರೂ ಸಿದ್ಧವಾಗಿರುತ್ತಿರಲಿಲ್ಲ. ಅದೇ ಸದ್ದಿಗೆ ಎದ್ದುನಿಂತು ಕೈಯಾಡಿಸುತ್ತಿದ್ದ ತೋಟದ ಆಳುಗಳು ಕವಳ ಹಾಕುತ್ತ ಕುಳಿತಿದ್ದಲ್ಲಿಯೇ ಸಿಕ್ಕಿಬಿದ್ದು, ಯಜಮಾನರು ಕಳ್ಳನಂತೆ ಬರಲಾರಂಭಿಸಿದರೆಂದು ನೊಂದುಕೊಂಡರು. ಎಂಬತ್ತೆಂಟು ವರ್ಷದ ನಮ್ಮ ಅಜ್ಜಿಯು ಜಗಲಿಯಲ್ಲಿ ಕುಳಿತು ಇದೆಲ್ಲವನ್ನೂ ಗಮನಿಸಿ, “ಮಾಣಿ, ಕಾಡಿಗೆ ಹೋಗುವ ದನಕ್ಕೆ ಗಂಟೆ ಕಟ್ಟುವುದು ದನ ಕೇಳಲಿ ಎಂದಲ್ಲ. ನೀನು ದುಡ್ಡು ಕೊಟ್ಟು ಗಂಟೆ ಬಿಚ್ಚಿಸಿಕೊಂಡು ಬಂದೆ” ಎಂದಳು. ಮಾವನು ಈ ವಾದಕ್ಕೆ ಉತ್ತರವನ್ನು ವಿಚಾರಿಸಿ ಹೇಳುವುದಾಗಿ ತಿಳಿಸಿದನು.

ಮರುವರ್ಷದ ಶ್ರಾವಣದಲ್ಲಿ ಅದೇ ಚಂದ್ರಶಾಲೆಯಲ್ಲಿ ಮತ್ತೆ ತಾಳಮದ್ದಲೆ. ನಮ್ಮ ಪಿಕಪ್ಪು ದರೆಯನ್ನು ಇಳಿದದ್ದಾಗಲಿ, ದೇವಸ್ಥಾನದೆದುರು ನಿಂತದ್ದಾಗಲಿ ಯಾರಿಗೂ ತಿಳಿಯಲಿಲ್ಲ. ಅರ್ಥಧಾರಿಯು ಮಾತನ್ನು ನಿಲ್ಲಿಸಲಿಲ್ಲ. ಒಂದು ತಲೆಯೂ ಹಿಂದಿರುಗಲಿಲ್ಲ. ಚಾಪೆಯನ್ನು ಯಾರೂ ಸರಿಸಲಿಲ್ಲ. ಮಾವನು ಒಮ್ಮೆ ಕೆಮ್ಮಿದನು. ಮದ್ದಲೆಯ ನಾದದಲ್ಲಿ ಅದೂ ಮುಳುಗಿಹೋಗಲು, ಚಪ್ಪಲಿಗಳ ರಾಶಿಯ ಪಕ್ಕದಲ್ಲಿದ್ದ ಕಂಬಕ್ಕೆ ಒರಗಿ, ಬೆಳಗಿನ ಜಾವದ ಮಂಗಳದವರೆಗೂ ಕುಳಿತಿದ್ದನು. ಹಿಂದಿರುಗುವಾಗ ಬಹಳ ಹೊತ್ತು ಮಾತಿಲ್ಲ. ಮನೆಯ ತಿರುವು ಬಂದಾಗ, ಅವನ ಜೀವಮಾನದಲ್ಲಿಯೇ ನಾನು ಕೇಳಿರದಷ್ಟು ಮೆಲ್ಲಗೆ ಹೇಳಿದನು: “ಸದ್ದು ಸ್ವಲ್ಪ ಹೆಚ್ಚೇ ತಗ್ಗಿತು ಅನ್ನಿಸುತ್ತೆ ಮಾರಾಯಾ. ನಾಳೆ ಒಮ್ಮೆ ತೀರ್ಥಹಳ್ಳಿಯಲ್ಲಿ ವಿಚಾರಿಸಿ ಬರೋಣವೇ?”