ಪೂರ್ವ–ನೂತನ ನೌಕಾಮೀಮಾಂಸೆ: ಜಹೀರಾಬಾದ್, ನಾರಾಯಣಖೇಡ, ತಾಂಡೂರು ತಾಲೂಕುಗಳನ್ನು ಅನುಲಕ್ಷಿಸಿ

ಪ್ರಸ್ತುತ ಪ್ರಬಂಧವು ದೂರಪಯಣದ ಹಾಯಿದೋಣಿಗಳ ಹಳೆಯ ಮತ್ತು ಹೊಸ ಮಾದರಿಗಳ ನಡುವಣ ಸಂಕಥನಾತ್ಮಕ ಬಿರುಕನ್ನು ಗಡಿನಾಡಿನ ನೆಲೆಯಿಂದ ಮುಖಾಮುಖಿಯಾಗುವ ವಿನಮ್ರ ಅನುಸಂಧಾನವಾಗಿರುತ್ತದೆ. ಅಧ್ಯಯನಕ್ಕೆ ಆಯ್ದ ಮೂರೂ ತಾಲೂಕುಗಳಲ್ಲಿ ಸಮುದ್ರವಿಲ್ಲ, ಹಾಯಿದೋಣಿಯೂ ಇಲ್ಲ. ಇದನ್ನು ಅಧ್ಯಯನದ ಮಿತಿ ಎಂದು ತಿಳಿಯಬಾರದು. ವಸ್ತುವೇ ಇಲ್ಲದ ಕಡೆ ಸಿದ್ಧಾಂತಕ್ಕೆ ಯಾರ ಅಡ್ಡಿಯೂ ಇರುವುದಿಲ್ಲ ಎಂಬುದನ್ನು ನಾನು ಒಂದು ವಿಚಾರಸಂಕಿರಣದಲ್ಲಿ ಎರಡು ದಿನ ಕೂತು ಕಲಿತೆ. ಅಲ್ಲಿ ನಮ್ಮ ಕಡೆಯ ಕನ್ನಡದ ಮೇಲೆ 9 ಪ್ರಬಂಧ ಮಂಡನೆಯಾದವು. ಊಟದ ಪಂಕ್ತಿಯಲ್ಲಿ ಅದೇ ಕನ್ನಡದಲ್ಲಿ ನಾನು ಸಾರು ಕೇಳಿದೆ. ಪಕ್ಕದ ವಿದ್ವಾಂಸರು ತಿರುಗಿ, "ನೀವು ತೆಲುಗಿನವರಾ?" ಎಂದರು.

ಪಾರಿಭಾಷಿಕ ನೆಲೆಗಟ್ಟು. 'ಹಾಯಿ' ಎಂಬ ಸಂಜ್ಞೆಯು ನಮ್ಮ ಸೀಮೆಯಲ್ಲಿ ಬಹುಸ್ತರೀಯ ಅರ್ಥಸಂದಿಗ್ಧತೆಗೆ ಈಡಾಗಿದೆ. ಮನೂರು ಕಡೆ ಸಿಂಗೂರು ಹಿನ್ನೀರಿನ ದಂಡೆಯಲ್ಲಿ ಬಲೆ ಬಿಡಿಸುತ್ತಿದ್ದ ಮಾಹಿತಿದಾರರೊಬ್ಬರನ್ನು (ಇನ್ನು ಮುಂದೆ 'ಕಾಕಾ') "ಇಲ್ಲಿ ಹಾಯುವ ಪರಂಪರೆ ಉಂಟೇ?" ಎಂದು ಪ್ರಶ್ನಿಸಲಾಯಿತು.

"ಎತ್ತು ಹಾಯ್ತದ. ನಮ್ಮ ಅಳಿಯಗ ಹಾಯ್ದಿತ್ತು. ಹೊಳೀನೂ ಹಾಯ್ತೀವಿ. ನೀ ಯಾವುದು ಕೇಳ್ತಿ ತಮ್ಮಾ?"

"ಬಟ್ಟಿ ಕಟ್ಟಿ ಗಾಳಿಗೆ ಓಡಸೋದು ಕಾಕಾ."

"ಬಟ್ಟಿ ಇದ್ರ ಉಟ್ಕೋತೀವಲ್ಲೋ."

ಈ ಹೇಳಿಕೆಯನ್ನು ಅನುಬಂಧ 4ರಲ್ಲಿ ವಿಶ್ಲೇಷಿಸಲಾಗಿದೆ. ಅನುಬಂಧ 4 ಬರೆದಿಲ್ಲ.

ವರ್ಗೀಕರಣ. ಹಳೆಯ ನೌಕೆಯನ್ನು 'ಗುರುತಲೀಯ' ಎಂದೂ ಹೊಸದನ್ನು 'ಲಘುಪಕ್ಷೀಯ' ಎಂದೂ ಕರೆಯತಕ್ಕದ್ದು. ಗುರುತಲೀಯಕ್ಕೆ ಅಡಿಯುದ್ದಕ್ಕೂ ಭಾರವಾದ ಕೀಲ್, ಅಂದರೆ ತಳದಿಂದ ನೀರಿಗಿಳಿದ ಪಟ್ಟಿ. ಮೈ ಇಕ್ಕಟ್ಟು, ನಡಿಗೆ ನಿಧಾನ. ಒಂದು ದಿಕ್ಕು ಹಿಡಿದರೆ ಬಿಡುವುದಿಲ್ಲ, ಅಲೆಯಲ್ಲಿ ಮೆತ್ತಗೆ ಏಳುತ್ತದೆ; ಬಂದರಿನೊಳಗೆ ಹಿಂದಕ್ಕೆ ಸರಿ ಎಂದರೆ ಮಾತ್ರ ಮೊಂಡು ಎತ್ತು. ಲಘುಪಕ್ಷೀಯಕ್ಕೆ ನಡುವೆ ಮೀನಿನ ರೆಕ್ಕೆಯಂಥ ಚಿಕ್ಕ ಕೀಲ್, ಅಗಲ ಹಿಂಬದಿ, ಒಳಗೆ ಬೇಕಾದಷ್ಟು ಜಾಗ. ಸಣ್ಣ ಗಾಳಿಗೂ ಓಡುತ್ತದೆ, ಎದುರಲೆಗೆ ದಬದಬ ಬಡಿದುಕೊಳ್ಳುತ್ತದೆ. ಫೈಬರ್ ಹೊಸತಾಗಿದ್ದ ಕಾಲದಲ್ಲಿ ಎಷ್ಟು ದಪ್ಪ ಸಾಕೆಂದು ನಂಬಿಕೆ ಬಾರದೆ ಕಟ್ಟುವವರು ಧಾರಾಳವಾಗಿ ಸುರಿದರು. ಆಮೇಲೆ ಲೆಕ್ಕ ಕಲಿತು ತೆಳ್ಳಗೆ ಮಾಡಿದರು. ಮೂರನೆಯ ವರ್ಗವಾದ 'ಉಭಯಾತ್ಮಕ–ಅನಿರ್ಧಾರಿತ'ವನ್ನು ನಿರೂಪಿಸುವಷ್ಟರಲ್ಲಿ ಕಾಕಾ ತಮ್ಮ ಹರಗೋಲು ತೋರಿಸಿದರು. ಅದಕ್ಕೆ ಕೀಲ್ ಇಲ್ಲ. ಮುಂದು ಯಾವುದು, ಹಿಂದು ಯಾವುದು, ಅದೂ ಇಲ್ಲ. ದುಂಡಗೆ, ರೊಟ್ಟಿ ಬುಟ್ಟಿಯ ಹಾಗೆ ಕೂತಿತ್ತು. ವರ್ಗೀಕರಣವನ್ನು ಇಲ್ಲಿಗೇ ಕೈಬಿಡಲಾಗಿದೆ. ನನಗೂ ಸಾಕಾಗಿತ್ತು.

ಹರಗೋಲಿನಲ್ಲೂ ಹಳೆಯದು ಹೊಸದು ಉಂಟು. ಮೊದಲು ಬಿದಿರ ಸೀಳು ಹೆಣೆದು ತೊಗಲು ಹೊದಿಸುತ್ತಿದ್ದರು. ಆಮೇಲೆ ತೊಗಲು ಹೋಗಿ ಪ್ಲಾಸ್ಟಿಕ್ ಚೀಲ, ಮೇಲೆ ಡಾಂಬರು. ಈಗ ಫೈಬರ್. 1520ರ ಸುಮಾರಿಗೆ ಬಂದ ಪೋರ್ಚುಗೀಸ ದೊಮಿಂಗೊ ಪಾಯೆಸ್ ಆನೆಗೊಂದಿಯ ಬಳಿ ಇದೇ ಬುಟ್ಟಿ ಕಂಡು, ಒಂದರಲ್ಲಿ 15–20 ಜನ ದಾಟುವುದನ್ನೂ, ಬೇಕಾದರೆ ಕುದುರೆ ಎತ್ತುಗಳೂ ಅದನ್ನೇ ಹತ್ತುವುದನ್ನೂ ಬರೆದಿಟ್ಟ. ಸಿದ್ಧಾಂತದ ಗೊಡವೆ ಇಲ್ಲದೆ, ಕಂಡದ್ದನ್ನು ಕಂಡ ಹಾಗೆ. ದೇಶೀಯ ಜ್ಞಾನಪರಂಪರೆ ಅಳಿಯುತ್ತಿದೆ ಎಂದು ಕಣ್ಣೀರು ಹಾಕಲು ನಾನು ಸಿದ್ಧನಾಗಿಯೇ ಬಂದಿದ್ದೆ. ಕಾಕಾ ಅವಕಾಶ ಕೊಡಲಿಲ್ಲ. "ಹಳೇದು ವರ್ಷಾ ವರ್ಷಾ ಡಾಂಬರು ಬೇಡ್ತಿತ್ತು. ಇದೇ ಛಲೋ ಅದ," ಎಂದರು.

12ನೆಯ ಶತಮಾನದ ಅಂಬಿಗರ ಚೌಡಯ್ಯನನ್ನು ಇಲ್ಲಿ ತರುವುದು ಪ್ರಬಂಧಧರ್ಮ. ಡಾಂಭಿಕರನ್ನು ಮುಖಕ್ಕೆ ಮುಖ ಕೊಟ್ಟು ಬೈದ ಆ ಅಂಬಿಗ, ಅವನನ್ನೇ ಕುರಿತ ಗೋಷ್ಠಿಗಳಲ್ಲಿ ಕೂತಿದ್ದರೆ ಯಾರ ಗತಿ ಏನಾಗುತ್ತಿತ್ತೋ. ತರುವುದಿಲ್ಲ, ಬಿಡಿ.

ಜಲಸಂಕಥನ ಎಂದು ಮುಂದಿನ ಅಧ್ಯಾಯಕ್ಕೆ ಹೆಸರಿಟ್ಟಿದ್ದೆ. ಅದಕ್ಕೆ ಆ ಹೆಸರು ಬೇಡ. ಬೀಡ್ ಜಿಲ್ಲೆಯ ಬಾಲಾಘಾಟ್ ಬೆಟ್ಟದಲ್ಲಿ ಹುಟ್ಟುವ ಮಾಂಜ್ರಾ, ಲಾತೂರು ಬೀದರ್ ಹಾಯ್ದು ನಮ್ಮ ಕಡೆ ಬರುತ್ತದೆ. ಸಿಂಗೂರಿನಲ್ಲಿ ಸುಮಾರು 30 ಟಿಎಂಸಿ ಹಿಡಿಯುವ ಅಣೆಕಟ್ಟೆ ಕಟ್ಟಿದ್ದು ಮುಖ್ಯವಾಗಿ ಹೈದರಾಬಾದಿನ ಕುಡಿಯುವ ನೀರಿಗೆ. ಮುಳುಗಿದ ಹೊಲ ಇಲ್ಲಿಯವರದು, ನಲ್ಲಿ ಅಲ್ಲಿಯದು. ಮಳೆಗಾಲದಲ್ಲಿ ಆ ಊರಿನ ಹುಸೇನ್ ಸಾಗರದಲ್ಲಿ ಹಾಯಿದೋಣಿ ಪಂದ್ಯ ನಡೆಯುತ್ತದೆ, ನೋಡಲು ಚೆಂದ. 2016ರ ಬೇಸಿಗೆಯಲ್ಲಿ ಸಿಂಗೂರು ಒಣಗಿತ್ತು. ಮೇಲಿನ ಲಾತೂರಿಗೆ ಮೀರಜ್‌ನಿಂದ ರೈಲಿನಲ್ಲಿ ನೀರು ತಂದರು. ನೀರೇ ರೈಲು ಹತ್ತಿದ ಸೀಮೆಯ ಮೇಲೆ 'ದ್ರವತೆಯ ರೂಪಕಗಳು' ಎಂದು ಮುಕ್ಕಾಲು ಗಂಟೆ ಮಾತಾಡಿದ ಮನುಷ್ಯನ ಮೇಜಿನ ಮೇಲೆ ಎರಡು ಬಾಟಲಿ ನೀರಿತ್ತು. ಒಂದನ್ನು ಅರ್ಧ ಕುಡಿದು ಬಿಟ್ಟುಹೋದ. ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ಹಾಗೆಯೇ ಭಾಷೆ. 1956ರ ನವೆಂಬರ್ 1ರಂದು ಬೀದರ್ ಜಿಲ್ಲೆಯಿಂದ ಜಹೀರಾಬಾದ್, ನಾರಾಯಣಖೇಡಗಳೂ ಗುಲಬರ್ಗಾ ಜಿಲ್ಲೆಯಿಂದ ತಾಂಡೂರೂ ಆಂಧ್ರಕ್ಕೆ ಹೋದವು. ನಿರ್ಣಾ ಹೋಬಳಿ ಬೀದರ್ ಕಡೆಯೇ ಉಳಿಯಿತು, ನ್ಯಾಲ್ಕಲ್ ಈ ಕಡೆ ಬಂತು. ಬೀಗರು ಎರಡೂ ಕಡೆ. ತಾಂಡೂರಿನ ಕಾಗಿಣಾ ಮಾತ್ರ ಯಾವ ಆದೇಶಕ್ಕೂ ಕಾಯದೆ ಮಳಖೇಡದ ಕಡೆಗೇ ಹರಿಯುತ್ತದೆ, ಕವಿರಾಜಮಾರ್ಗ ಹುಟ್ಟಿದ ರಾಜಧಾನಿಗೆ. ಆ ಗ್ರಂಥ ಕನ್ನಡನಾಡನ್ನು ಗೋದಾವರಿಯವರೆಗೆ ಚಾಚಿತ್ತು ಎಂದು ಪ್ರತಿಯೊಬ್ಬ ಭಾಷಣಕಾರನೂ ನಮ್ಮೆದುರು ಎದೆ ತಟ್ಟಿ ಹೇಳಿ, ಚಪ್ಪಾಳೆ ಹೊಡೆಸಿಕೊಂಡು, ಕತ್ತಲಾಗುವ ಮೊದಲೇ ಬೀದರ್‌ಗೋ ಕಲಬುರಗಿಗೋ ಕಾರು ಹತ್ತುತ್ತಾನೆ. ನಮ್ಮ ಮಕ್ಕಳು ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು ಇಲ್ಲವೆ ಇಂಗ್ಲಿಷ್, ಬಜಾರದಲ್ಲಿ ಉರ್ದು ಆಡುತ್ತಾರೆ. ಅವ್ವನ ಮಾತಿಗೆ ಅಕ್ಷರ ಯಾವುದೆಂದು ಅವರಿಗೆ ಗೊತ್ತಿಲ್ಲ. ಇದಕ್ಕೆ 'ಬಹುಭಾಷಿಕ ಸಮೃದ್ಧಿ' ಎಂಬ ಪಾರಿಭಾಷಿಕ ಪದ ಉಂಟು.

ಪ್ರಾಯೋಗಿಕ ಪರೀಕ್ಷೆ. ಕಾಕಾ ಕರೆದರು, ಹತ್ತಿದೆ. ಹುಟ್ಟು ಹಿಡಿಯಲು ಬಾರದವನ ಕೈಯಲ್ಲಿ ಹರಗೋಲು ನಿಂತಲ್ಲೇ ಗಿರಗಿರ ತಿರುಗಿತು. ಬಗಲಲ್ಲಿದ್ದ ಪ್ರಬಂಧ ನೀರಿಗೆ ಬಿತ್ತು. ಕಾಕಾ ಒಂದೊಂದೇ ಹಾಳೆ ಎತ್ತಿ, ದಂಡೆಗೆ ಬಂದು ಹರಗೋಲು ಬೋರಲು ಹಾಕಿ, ಅದರ ಬೆನ್ನ ಮೇಲೆ ಹರವಿ ಕಲ್ಲು ಇಟ್ಟರು. ಅವರು ಕಲಿತದ್ದು ತೆಲುಗು ಸಾಲಿಯಲ್ಲಿ. ಅಕ್ಷರಗಳ ಮೇಲೆ ಬೆರಳಾಡಿಸುತ್ತ, "ಸುಮಾರು ಹಂಗೇ ಅದ. ಕನ್ನಡ ಏನಿದು? ಓದಿ ಹೇಳು, ಕೇಳ್ತೀನಿ," ಎಂದರು.

ಮೊದಲ ವಾಕ್ಯ ಓದಿದೆ.

"ಇದು ಯಾವ ಊರಿನ ಕನ್ನಡ ತಮ್ಮಾ?"